ಮಾಲಿ ಚಿನ್ನದ ಷೇರು: ರೈಟ್ಸ್‌ಗೆ ದುಡ್ಡು ಕಟ್ಟಲಾ, ಬಿಡಲಾ?

ಪರ್ತ್ ಪರಮೇಶಿ · ಸೋಮವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ಊರು ಚನ್ನರಾಯಪಟ್ಟಣ, ಇರೋದು ಪರ್ತ್‌ನಲ್ಲಿ, 11 ವರ್ಷ ಆಯ್ತು. ಪಿಲ್ಬರಾ ಕಡೆ ಕಬ್ಬಿಣದ ಅದಿರಿನ ಗಣೀಲಿ ಮೆಂಟೆನೆನ್ಸ್ ಕೆಲಸ. ಎರಡು ವಾರ ಸೈಟು, ಒಂದು ವಾರ ಮನೆ. ನಮ್ಮ ಹಾಸನದಲ್ಲಿ ಆಲೂಗಡ್ಡೆ ರೇಟು ಮಾತಾಡ್ತಾರಲ್ಲ, ಇಲ್ಲಿ ಹಂಗೆ ಗಣಿ ಷೇರು. ಬಸ್ಸಲ್ಲಿ, ಕ್ಯಾಂಟೀನಲ್ಲಿ, ಏರ್‌ಪೋರ್ಟ್ ಕ್ಯೂನಲ್ಲಿ ಅದೇ ಮಾತು.

ಎರಡು ವರ್ಷದ ಹಿಂದೆ ನಾನೂ ಇಳಿದೆ. ಕಂಪನಿ ಹೆಸರು ಹಾಕಲ್ಲ, ಇಲ್ಲಿನ ನಿಯಮ ಗೊತ್ತು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ದಕ್ಷಿಣದಲ್ಲಿ ಚಿನ್ನ ಹುಡುಕ್ತಾ ಇರೋ ಸಣ್ಣ ಕಂಪನಿ, ಆಸ್ಟ್ರೇಲಿಯಾ ಎಕ್ಸ್‌ಚೇಂಜಲ್ಲಿ ಲಿಸ್ಟ್ ಆಗಿದೆ. ಎರಡೂವರೆ ಲಕ್ಷ ಷೇರು 8 ಸೆಂಟ್‌ಗೆ, ಬಿದ್ದ ಮೇಲೆ ಇನ್ನೆರಡೂವರೆ ಲಕ್ಷ 4 ಸೆಂಟ್‌ಗೆ. ಹಾಕಿದ್ದು 30,000 ಡಾಲರ್. ಈಗ ರೇಟು 2.1 ಸೆಂಟ್, ಅಂದ್ರೆ 10,500.

ಈಗ ರೈಟ್ಸ್ ಇಶ್ಯೂ ಬಂದಿದೆ, ಅಂದ್ರೆ ಇರೋ ಷೇರುದಾರರಿಗೇ ಹೊಸ ಷೇರು ಮಾರ್ತಾರೆ. ಎರಡು ಹಳೇದಕ್ಕೆ ಒಂದು ಹೊಸದು, 1.5 ಸೆಂಟ್‌ಗೆ. ಎರಡು ಹೊಸ ಷೇರು ತಗೊಂಡ್ರೆ ಒಂದು ಆಪ್ಷನ್ ಬಿಟ್ಟಿ, ಅಂದ್ರೆ ಎರಡು ವರ್ಷದೊಳಗೆ 3 ಸೆಂಟ್‌ಗೆ ಇನ್ನೊಂದು ಷೇರು ತಗೊಳ್ಳೋ ಹಕ್ಕು. ಪೂರ್ತಿ ತಗೊಂಡ್ರೆ 3,750 ಡಾಲರ್ ಕಟ್ಬೇಕು, ಕೊಂಡ ಬೆಲೆಯ ಸರಾಸರಿ 6 ಸೆಂಟಿಂದ 4.5 ಕ್ಕೆ ಇಳಿಯುತ್ತೆ. ಶುಕ್ರವಾರ ಸಂಜೆ 5ಕ್ಕೆ ಕೊನೆ.

ಚಿನ್ನದ ರೇಟು ಆಕಾಶದಲ್ಲಿದೆ, ನಂದು ಮಾತ್ರ ಪಾತಾಳಕ್ಕೆ ಹೋಗ್ತಿದೆ. ಮನೆಯವಳಿಗೆ 30,000ದ ಪೂರ್ತಿ ಲೆಕ್ಕ ಗೊತ್ತಿಲ್ಲ. ಬುದ್ಧಿ ಹೇಳಿ. ಬೈದ್ರೂ ಪರವಾಗಿಲ್ಲ.

ಬೆಣ್ಣೆದೋಸೆ · ರಾತ್ರಿ 9:52

ಮಾಲಿ ರಿಸ್ಕು ಒಂದು ಕಡೆ ಇಡಿ ಸಾರ್. ಕೊನೇ ಎರಡು ಸಾಲು ಓದಿ ನನಗೇ ಕೈಕಾಲು ತಣ್ಣಗಾಯ್ತು.

ಬುಲ್ ಬಸ್ಯಾ, ಹುಬ್ಬಳ್ಳಿ · ರಾತ್ರಿ 10:15

ಪರಮೇಶಣ್ಣಾ, ಕಟ್ಟು. ಹೆದರಬ್ಯಾಡ. ಇಂಥಾ ಹೊತ್ತಿನ್ಯಾಗ ಬಿಟ್ಟು ಓಡಿದವರ ನಾಳೆ ಅಳೂದು.

ಮಾಲಿ ಅಂದಕೂಡ್ಲೆ ಎಲ್ಲಾರೂ ಮುಖ ಸಿಂಡರಿಸ್ತಾರ. ಪ್ಯಾಪಿಲಾನ್ ರಿಸೋರ್ಸಸ್ ಅಂತ ನಿಮ್ಮ ಆಸ್ಟ್ರೇಲಿಯಾ ಎಕ್ಸ್‌ಚೇಂಜಿನ ಸಣ್ಣ ಕಂಪನಿನ ಇತ್ತು. ಅದೂ ಮಾಲಿ ಒಳಗ ಫೆಕೋಲಾ ಅನ್ನೋ ಜಾಗಾ ಹಿಡಕೊಂಡು ಕುಂತಿತ್ತು. 2014ರಾಗ ಬಿ2ಗೋಲ್ಡ್ ಅನ್ನೋ ಕೆನಡಾದ ಕಂಪನಿ ಬಂದು ಇಡೀ ಕಂಪನಿನ ತಗೊಂಡ್ತು. ಇವತ್ತು ಫೆಕೋಲಾ ದೊಡ್ಡ ಗಣಿ. ಘಾನಾದಾಗ ಕಾರ್ಡಿನಲ್ ರಿಸೋರ್ಸಸ್ ನೋಡ್ರಿ. 2020ರಾಗ ಚೀನಾದ ಶಾಂಡಾಂಗ್ ಗೋಲ್ಡ್ 60 ಸೆಂಟ್ ಅಂತು, ರಷ್ಯಾದ ನಾರ್ಡ್‌ಗೋಲ್ಡ್ 66 ಅಂತು. ಸಂತ್ಯಾಗ ಎತ್ತಿನ ವ್ಯಾಪಾರ ನಡದಂಗ ನಡದು ಕಡೀಕ ಒಂದು ಡಾಲರ್ ಮ್ಯಾಲೆ ಏಳೂವರಿ ಸೆಂಟಿಗೆ ಹೋತು. ಮದಲಿಂದ ಹಿಡಕೊಂಡು ಕುಂತವ್ರು ಸುಮ್ನ ಕುಂತಲ್ಲೇ ಗೆದ್ರು.

ರ‍್ಯಾಂಡ್‌ಗೋಲ್ಡ್ ಕಥಿ ಹೇಳೂದ ಬ್ಯಾಡ. 1995ರಾಗ ಹುಟ್ಟಿದ್ದು, ಮಾಲಿಯ ಮೊರಿಲಾ, ಲೂಲೋ ಗಣಿ ಕಟ್ಟಿ ಲಂಡನ್ನಿನ ಮೊದಲ ನೂರು ಕಂಪನಿ ಸಾಲಿಗೆ ಏರಿತು.

3,750 ಡಾಲರ್ ನಿಮಗೇನು ದೊಡ್ಡದಲ್ಲ. ಅದಕ್ಕ ಆಪ್ಷನ್ ಬ್ಯಾರೆ ಬಿಟ್ಟಿ ಕೊಡಾಕತ್ಯಾರ.

ಕುಡ್ಲ ಕ್ಯಾಲ್ಕುಲೇಟರ್ · ರಾತ್ರಿ 10:48

ಬಿಟ್ಟಿ ಅಂತ ಯಾವುದೂ ಇಲ್ಲ ಮಾರಾಯ್ರೆ. ನಾನು ಮಂಗಳೂರಲ್ಲಿ ಸಬ್‌ಬ್ರೋಕರ್, 22 ವರ್ಷದಿಂದ ಇದೇ ನೋಡುದು. ಮೊದಲು ಲೆಕ್ಕ ಮಾಡುವ.

ಎರಡು ಹಳೆ ಷೇರು 2.1 ರಂತೆ 4.2. ಒಂದು ಹೊಸದು 1.5. ಒಟ್ಟು 5.7, ಮೂರರಿಂದ ಭಾಗಿಸಿದ್ರೆ 1.9. ಅಂದ್ರೆ ರೈಟ್ಸ್ ಮುಗಿದ ಮೇಲೆ ಲೆಕ್ಕದ ಪ್ರಕಾರ ರೇಟು ನಿಲ್ಲಬೇಕಾದ್ದು 1.9 ರಲ್ಲಿ. ಪೇಟೆ ಅಷ್ಟು ಮರ್ಯಾದೆ ಕೊಡುದು ಅಪರೂಪ, 1.6, 1.7 ಆದ್ರೂ ಆಶ್ಚರ್ಯ ಇಲ್ಲ. ಕಟ್ಟದಿದ್ರೆ ನಿಮ್ಮ ಪಾಲು ಮೂರರಲ್ಲಿ ಒಂದಂಶ ತೆಳು ಆಗ್ತದೆ. ರೈಟ್ಸನ್ನು ಬೇರೆಯವರಿಗೆ ಮಾರ್ಲಿಕ್ಕೆ ಆಗ್ತದಾ ನೋಡಿ. ಇಂಥ ಸಣ್ಣವು ಹೆಚ್ಚಾಗಿ ಮಾರ್ಲಿಕ್ಕೆ ಬಿಡುದಿಲ್ಲ. ಕಟ್ಟು, ಇಲ್ಲ ಕಳ್ಕೋ, ಅಷ್ಟೇ.

ಸರಾಸರಿ ಇಳೀತದೆ ಅಂತ ಖುಷಿ ಪಡುದು ಬೇಡ. ಕಳೆದ ಮೀನಿನ ವ್ಯಾಪಾರದ ನಷ್ಟ ಇವತ್ತಿನ ಬಂಗುಡೆ ರೇಟಿಗೆ ಸೇರಿಸಿ ನೋಡಿದ ಹಾಗೆ ಅದು. ಇವತ್ತು ನಿಮ್ಮ ಹತ್ರ ಈ ಷೇರು ಒಂದೂ ಇಲ್ಲದಿದ್ರೆ ಈ 3,750 ಇದಕ್ಕೇ ಹಾಕ್ತಿದ್ರಾ? ಅದಕ್ಕೆ ಉತ್ತರ ಹೇಳಿ.

ಇನ್ನೊಂದು. ಚಿನ್ನ ಹುಡುಕುವ ಕಂಪನಿ ಚಿನ್ನ ಮಾರುದಿಲ್ಲ. ಅದಕ್ಕೆ ಆದಾಯ ಇಲ್ಲ. ಅದು ಮಾರುವ ಸಾಮಾನು ಒಂದೇ, ಅದರ ಷೇರು. ಗಿರಾಕಿ ನೀವು.

ಪರ್ತ್ ಪರಮೇಶಿ · ರಾತ್ರಿ 11:05

ಮಾರೋಕೆ ಬಿಡಲ್ಲ ಸರ್, ಚೆಕ್ ಮಾಡ್ದೆ. ನೀವು ಕೇಳಿದ್ದಕ್ಕೆ ಉತ್ತರ... ಇಲ್ಲ, ಹೊಸದಾಗಿ ಆದ್ರೆ ಹಾಕ್ತಿರಲಿಲ್ಲ. ಆದ್ರೆ ಹೋದ ಮಾರ್ಚ್‌ನಲ್ಲಿ ಬಂದ ಡ್ರಿಲ್ಲಿಂಗ್ ರಿಸಲ್ಟ್ ಚೆನ್ನಾಗಿತ್ತು. ಒಂದೇ ದಿನಕ್ಕೆ 60% ಏರಿತ್ತು. ಅದಕ್ಕೇ ಆಸೆ ಬಿಡ್ತಿಲ್ಲ.

ಹಟ್ಟಿ ಹುಡುಗ · ಮಂಗಳವಾರ ಬೆಳಗ್ಗೆ 6:30

ಆ ಪ್ರಕಟಣೆಯ ತಲೆಬರಹ ಇಲ್ಲಿ ಹಾಕ್ರಿ ಅಣ್ಣಾ, ಕಂಪನಿ ಹೆಸರು ತಗದು. ನಾ ಜಿಯಾಲಜಿ ಓದಿದಂವ, ರಾಯಚೂರು ಕಡಿ.

ಪರ್ತ್ ಪರಮೇಶಿ · ಬೆಳಗ್ಗೆ 7:10

"22 ಮೀಟರ್ ಆಳದಿಂದ 14 ಮೀಟರ್ ಉದ್ದ, ಟನ್‌ಗೆ 6.3 ಗ್ರಾಂ ಚಿನ್ನ. ಅದರೊಳಗೆ 1 ಮೀಟರ್ 71 ಗ್ರಾಂ." ಜೊತೆಗೆ ದಪ್ಪಕ್ಷರದಲ್ಲಿ "ಅಸಾಧಾರಣ".

ಹಟ್ಟಿ ಹುಡುಗ · ಬೆಳಗ್ಗೆ 8:25

ಪೆನ್ನು ಹಿಡೀರಿ. 14 ಮೀಟರ್‌ಗೆ 6.3 ಅಂದ್ರ ಒಟ್ಟು 88.2. ಅದರಾಗ ಒಂದ ಮೀಟರ್ 71 ತಿಂದದ. ಉಳದದ್ದು 17.2, ಅದನ್ನ 13 ಮೀಟರ್‌ಗೆ ಹಂಚ್ರಿ. ಟನ್ನಿಗೆ 1.3 ಗ್ರಾಂ ಬರ್ತದ. ಹದಿಮೂರು ಮಂದಿ ಕೂಲ್ಯವರ ನಡುವ ಒಬ್ಬ ಸಾಹುಕಾರನ್ನ ಕೂಡಿಸಿ ಎಲ್ಲಾರೂ ಶ್ರೀಮಂತ್ರು ಅಂದಂಗ ಆತು.

ಸುಳ್ಳಂತೂ ಬರದಿಲ್ಲ. ಚಿನ್ನದ ಗುಣಾನ ಹಂಗ, ಒಂದ ಕಡಿ ಗಡ್ಡಿ ಕಟ್ಟಿರ್ತದ, ಪಕ್ಕದ ತೂತಿನ್ಯಾಗ ಏನೂ ಇರಂಗಿಲ್ಲ. ಮತ್ತ 1.3 ಗ್ರಾಂ ಅಂದ್ರ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ. ಮ್ಯಾಲಿಂದ 22 ಮೀಟರ್‌ಗೇ ಸಿಕ್ಕದ, ಬಯಲು ಗಣಿ ಮಾಡಿದ್ರ ಅದು ನಡೀತದ. ಆದ್ರ ಆಗ ಬೇಕಾದ್ದು ಲಕ್ಷಗಟ್ಲೆ ಟನ್ನು, ಒಂದು ತೂತಲ್ಲ. ಆವತ್ತು ಒಟ್ಟು ಎಷ್ಟು ತೂತು ಹೊಡದಿದ್ರು? ಉಳದವುದ್ದರಾಗ ಏನ ಬಂತು? ಹಿಂದಿನ ಪುಟದಾಗ ಸಣ್ಣ ಅಕ್ಷರದ ಪಟ್ಟಿ ಇರ್ತದ, ಅದನ್ನ ನೋಡ್ರಿ. ತೂತು ಓರೆ ಹೊಡದಿದ್ರ ಆ 14 ಮೀಟರ್ ಸುದ್ದಾ ಪದರಿನ ಖರೇ ದಪ್ಪ ಅಲ್ಲ, ಎಂಟೋ ಒಂಬತ್ತೋ ಇರಬಹುದು.

ಇನ್ನೊಂದು ಮಾತು. ಪಶ್ಚಿಮ ಆಫ್ರಿಕಾದ ಆ ಕಲ್ಲಿಗೆ ಬಿರಿಮಿಯನ್ ಅಂತಾರ, ಸುಮಾರು 210 ರಿಂದ 220 ಕೋಟಿ ವರ್ಷದ್ದು. ನಮ್ಮ ಧಾರವಾಡ ಪದರ, ಹಟ್ಟಿ, ಕೋಲಾರ ಎಲ್ಲಾ ಅದಕ್ಕಿಂತ ಹಳೇವು. ಎರಡೂ ಕಡಿ ಚಿನ್ನ ಅದ, ಅದರಾಗ ಅನುಮಾನ ಇಲ್ಲ. ಮಾಲ್ಯಾಗ ಊರ ಮಂದಿ ಕೈಯಿಂದ ತೋಡಿದ ಗುಂಡಿ ಎಲ್ಲಿ ಅದಾವ, ಇವ್ರು ಹೋಗಿ ಅಲ್ಲೇ ಡ್ರಿಲ್ ಇಡ್ತಾರ. ಹಂಗಾಗಿ ಮೊದಲನೇ ತೂತಿನ್ಯಾಗ ಚಿನ್ನ ಬರೂದು ದೊಡ್ಡ ಸಾಹಸ ಏನಲ್ಲ. ಅದು ಗಣಿ ಆಗ್ತದೋ ಇಲ್ಲೋ ಅನ್ನೋದ ಪ್ರಶ್ನೆ. ವರದಿಯೊಳಗ ಅಂದಾಜಿನ ಮೂರು ದರ್ಜೆ ಇರ್ತಾವ, ಕಡಿಮಿ ಖಾತ್ರಿಯಿಂದ ಹೆಚ್ಚಿನ ಖಾತ್ರಿಗೆ: ಇನ್‌ಫರ್ಡ್, ಇಂಡಿಕೇಟೆಡ್, ಮೆಶರ್ಡ್. ನಿಮ್ಮದು ಯಾವ ದರ್ಜೆ?

ಪರ್ತ್ ಪರಮೇಶಿ · ಬೆಳಗ್ಗೆ 9:02

ಯಾವ ದರ್ಜೆಯೂ ಇಲ್ಲ. ಇನ್ನೂ "ಟಾರ್ಗೆಟ್" ಅಂತ ಬರ್ಕೊಂಡಿದ್ದಾರೆ. ಪಟ್ಟಿ ನೋಡ್ದೆ. 19 ತೂತು. 11ರಲ್ಲಿ "ಗಮನಾರ್ಹ ಫಲಿತಾಂಶವಿಲ್ಲ".

ಎರಡು ವರ್ಷದಲ್ಲಿ ಆ ಪಟ್ಟಿ ಒಂದ್ಸಲನೂ ತೆಗೆದು ನೋಡಿರಲಿಲ್ಲ. ನಾಚಿಕೆ ಆಗುತ್ತೆ.

ಹಟ್ಟಿ ಹುಡುಗ · ಬೆಳಗ್ಗೆ 9:10

ನಾಚೂದೇನದ ಬಿಡ್ರಿ. ಯಾರೂ ನೋಡಂಗಿಲ್ಲ ಅಂತನೇ ಅದನ್ನ ಹಿಂದ ಇಟ್ಟಿರ್ತಾರ.

ಮಾರಿಕುಪ್ಪದವನು · ಮಂಗಳವಾರ ಮಧ್ಯಾಹ್ನ 1:15

ಕೋಲಾರದ ಹೆಸರು ಬಂತಲ್ಲ, ಬಾಯಿ ಮುಚ್ಚಿಕೊಂಡಿರಕ್ಕೆ ಆಗಲ್ಲ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಟಿಂಬರಿಂಗ್ ಕೆಲಸ (ಸುರಂಗಕ್ಕೆ ಮರದ ಆಸರೆ ಕಟ್ಟೋದು), ಅಪ್ಪ ಗಣಿ ವರ್ಕ್‌ಶಾಪಲ್ಲಿ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ.

ಬಸ್ಯಣ್ಣ ಹೇಳಿದ ಕಥೆಗಳೆಲ್ಲ ನಿಜ. ಆದ್ರೆ ನಮ್ಮೂರಿನ ಹಳೇ ಕಥೆ ಒಂದು ಹೇಳ್ತೀನಿ. 1880ರ ಹೊತ್ತಿಗೆ ಲಂಡನ್‌ನಲ್ಲಿ ದಕ್ಷಿಣ ಭಾರತದ ಚಿನ್ನದ ಹುಚ್ಚು ಹಿಡಿದಿತ್ತು. ವಯನಾಡು, ಕೋಲಾರದ ಹೆಸರಲ್ಲಿ ಡಜನ್‌ಗಟ್ಟಲೆ ಕಂಪನಿ. ಷೇರು ತಗೊಂಡವರು ಅಲ್ಲಿನ ಪಾದ್ರಿಗಳು, ರಿಟೈರ್ಡ್ ಕರ್ನಲ್‌ಗಳು, ವಿಧವೆಯರು. ಒಬ್ರೂ ಈ ಕಡೆ ಕಾಲಿಟ್ಟವರಲ್ಲ. ಮೆಷೀನು ಹಡಗಲ್ಲಿ ಬಂತು, ಘಾಟಿ ಹತ್ತಿಸೋದರಲ್ಲೇ ದುಡ್ಡು ಮುಗೀತು. ಎರಡು ಮೂರು ವರ್ಷಕ್ಕೆ ವಯನಾಡು ಖಾಲಿ.

ಕೋಲಾರದ ಮೈಸೂರು ಕಂಪನೀನೂ ಕೊನೇ ದುಡ್ಡಿಗೆ ಬಂದಿತ್ತು. ಮುಚ್ಚಿಬಿಡೋಣ ಅಂತ ಷೇರುದಾರರು ಕೂತಿದ್ರು. ಜಾನ್ ಟೇಲರ್ ಕಂಪನಿಯವರು ಹೆಂಗೋ ಒಪ್ಪಿಸಿ ಉಳಿದ ದುಡ್ಡಲ್ಲಿ ಇನ್ನೊಂದು ಸಲ ತೋಡಿಸಿದ್ರು. ಪ್ಲಮರ್ ಅನ್ನೋ ಕ್ಯಾಪ್ಟನ್ ಹಳೇ ಕಾಲದವರು ತೋಡಿ ಬಿಟ್ಟ ಜಾಗದ ಕೆಳಗೇ ಹೋಗಿ ಚಾಂಪಿಯನ್ ರೀಫ್ ಅನ್ನೋ ಚಿನ್ನದ ಪದರ ಹಿಡಿದ. ಆಮೇಲೆ 800 ಟನ್‌ಗೂ ಜಾಸ್ತಿ ಚಿನ್ನ.

ಈ ಕಥೇನ ಕೆಜಿಎಫ್‌ನಲ್ಲಿ ಎಲ್ರೂ ಹೆಮ್ಮೆಯಿಂದ ಹೇಳ್ತಾರೆ, ನಾನೂ ಹೇಳ್ತಾ ಬಂದಿದೀನಿ. ವಯಸ್ಸಾದ ಮೇಲೆ ಒಂದು ಅನುಮಾನ ಬಂತು. ವಯನಾಡಿನ ಕಂಪನಿಗಳೂ ಕೊನೇ ದುಡ್ಡು ಹಾಕಿ ಇನ್ನೊಂದು ಸಲ ತೋಡಿರ್ತಾವಲ್ಲ? ಅವುಗಳ ಹೆಸರು ಒಂದಾದ್ರೂ ಯಾರಿಗಾದ್ರೂ ನೆನಪಿದೆಯಾ?

ಬುಲ್ ಬಸ್ಯಾ, ಹುಬ್ಬಳ್ಳಿ · ಮಧ್ಯಾಹ್ನ 1:40

ಅಜ್ಜಾರ, ನೀವು ಹೇಳಿದ್ದು ನನ್ನ ಪರವಾಗೇ ಐತಲ್ರಿ! ಬಿಟ್ಟು ಹೋಗಿದ್ರ ಕೆಜಿಎಫ್ ಎಲ್ಲಿ ಇರತಿತ್ತು?

ಮಾರಿಕುಪ್ಪದವನು · ಮಧ್ಯಾಹ್ನ 1:58

ಅದೇ ನೋಡಪ್ಪ, ಆ ಕಥೆ ಹಂಗೇ ಕೇಳಿಸುತ್ತೆ. ಅದಕ್ಕೇ ನಂಗೆ ಭಯ.

ಜೋಹಾನ್ಸ್‌ಬರ್ಗ್‌ದೂ ಹೇಳಿಬಿಡ್ತೀನಿ, ನಮ್ಮೂರಿನಿಂದಲೂ ಅಲ್ಲಿಗೆ ಹೋದ ಕಾರ್ನಿಷ್ ಗಣಿಯವರ ಮಾತು ತಾತನ ಕಾಲದಲ್ಲಿ ಇತ್ತು. ಅಲ್ಲಿ 1886ರಲ್ಲಿ ಚಿನ್ನ ಸಿಕ್ತು. ಷೇರು ಪೇಟೆ ಒಳಗೆ ಜಾಗ ಸಾಲದೆ ಸೈಮಂಡ್ಸ್ ಬೀದಿಗೆ ಸರಪಳಿ ಕಟ್ಟಿ ಬೀದೀಲೇ ವ್ಯಾಪಾರ. 1889ಕ್ಕೆ ತೋಡ್ತಾ ತೋಡ್ತಾ ಕೆಳಗಡೆ ಗಂಧಕ ಬೆರೆತ ಪೈರೈಟ್ ಕಲ್ಲು ಬಂತು, ಆಗ ಚಿನ್ನ ಬೇರ್ಪಡಿಸೋಕೆ ಬಳಸ್ತಿದ್ದ ಪಾದರಸಕ್ಕೆ ಚಿನ್ನ ಬಿಡಲಿಲ್ಲ, ಷೇರೆಲ್ಲ ನೆಲಕ್ಕೆ. ಮಾರ್ಕೊಂಡು ಓಡಿದರು. ಮರು ವರ್ಷವೇ ಸಯನೈಡ್ ವಿಧಾನ ಬಂದು ಅದೇ ಕಲ್ಲಿಂದ ಚಿನ್ನ ತೆಗೆದರು. ಓಡಿದವರು ಕೈಕೈ ಹಿಸುಕಿಕೊಂಡರು. ಆಮೇಲೆ 1895ರಲ್ಲಿ ಲಂಡನ್, ಪ್ಯಾರಿಸ್ ಎಲ್ಲ ಸೇರಿ ಆ ಷೇರುಗಳನ್ನ ಏರಿಸಿ ಏರಿಸಿ, ಅದೇ ವರ್ಷದ ಕೊನೆಗೆ ಮತ್ತೆ ನೆಲಕ್ಕೆ. ಬಾರ್ನಿ ಬಾರ್ನಾಟೋ ಅಂತ ಆ ಪೇಟೆಯ ದೊಡ್ಡ ಕುಳ, 1897ರಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸತ್ತ. ಮಾರಿದವನೂ ಸೋತ, ಹಿಡಿದವನೂ ಸೋತ.

ಮೆಲ್ಬರ್ನ್ ಮಲ್ನಾಡು · ಮಂಗಳವಾರ ಸಂಜೆ 6:20

ಎಲ್ಲರೂ ಕಲ್ಲಿನ ಬಗ್ಗೆಯೇ ಮಾತಾಡ್ತಿದ್ದೀರಿ. ಆಫ್ರಿಕಾದ ಗಣಿ ಷೇರಲ್ಲಿ ಕಲ್ಲು ಚೆನ್ನಾಗಿದ್ದೂ ದುಡ್ಡು ಹೋಗೋದಕ್ಕೆ ಎವಿಝಡ್ ಮಿನರಲ್ಸ್ ನೋಡಿ. ಪರಮೇಶಿಯವರಿಗೆ ಗೊತ್ತೇ ಇರುತ್ತೆ, ಪರ್ತ್‌ದೇ.

ಕಾಂಗೋದ ಮನೋನೋ ಅನ್ನೋ ಊರು, ಹಿಂದೆ ಬೆಲ್ಜಿಯಂನವರು ತವರ ತೆಗೀತಿದ್ದ ಜಾಗ. ಅಲ್ಲಿ ಲಿಥಿಯಂ. 40 ಕೋಟಿ ಟನ್ ಅದಿರು, 1.65% ಲಿಥಿಯಂ ಆಕ್ಸೈಡ್. ಹಟ್ಟಿಯವರು ಕೇಳಿದ ದರ್ಜೆ, ಪಟ್ಟಿ, ಅಧ್ಯಯನ ಎಲ್ಲ ಇತ್ತು. ಚೀನಾದ ಪಾಲುದಾರ 24 ಪರ್ಸೆಂಟಿಗೆ 24 ಕೋಟಿ ಅಮೆರಿಕನ್ ಡಾಲರ್ ಕೊಡ್ತೀನಿ ಅಂತ 2021ರಲ್ಲಿ ಸಹಿ ಹಾಕಿದ್ದ. 2020ರಲ್ಲಿ ಕೆಲವೇ ಸೆಂಟ್ ಇದ್ದ ಷೇರು 2022ರ ಏಪ್ರಿಲ್ ಹೊತ್ತಿಗೆ ಒಂದು ಡಾಲರ್ ದಾಟಿತು.

2022ರ ಮೇ 9ಕ್ಕೆ ವಹಿವಾಟು ನಿಲ್ಲಿಸಿದರು. ಕೊನೇ ರೇಟು 78 ಸೆಂಟ್. ಗಣಿ ಯಾರದ್ದು, ಯಾರ ಪಾಲೆಷ್ಟು ಅನ್ನೋ ಜಗಳ: ಕಾಂಗೋ ಸರ್ಕಾರದ ಕಂಪನಿ ಗಣಿಯ 15 ಪರ್ಸೆಂಟ್ ಪಾಲನ್ನು ಚೀನಾದ ಝಿಜಿನ್‌ಗೆ ಮಾರಿತ್ತು. ಎರಡು ದಿನದ ನಿಲುಗಡೆ ಅಂದುಕೊಂಡವರು ಎರಡು ವರ್ಷ ಕಾದರು. ನಡುವೆ ಸರ್ಕಾರ ಪರ್ಮಿಟ್ಟೇ ರದ್ದು ಮಾಡ್ತು, ಅಂತರರಾಷ್ಟ್ರೀಯ ಪಂಚಾಯ್ತಿ ಶುರುವಾಯ್ತು. 2024ರ ಮೇನಲ್ಲಿ ಎಕ್ಸ್‌ಚೇಂಜಿಂದ ಹೆಸರೇ ತೆಗೆದರು. ಆಗಲೂ ಲಿಥಿಯಂ ಅಲ್ಲೇ ಇತ್ತು, ಒಂದು ಗ್ರಾಂ ಕಮ್ಮಿ ಆಗಿರಲಿಲ್ಲ. ಸ್ಟಾಪ್‌ಲಾಸ್ (ಇಷ್ಟಕ್ಕೆ ಇಳಿದರೆ ತಾನೇ ಮಾರು ಅನ್ನೋ ಆರ್ಡರ್) ಹಾಕ್ಕೊಂಡಿದ್ರೂ ಏನೂ ಆಗ್ತಿರಲಿಲ್ಲ, ಮಾರೋಕೆ ಪೇಟೆಯೇ ಇಲ್ಲವಲ್ಲ.

ಇನ್ನು ನಿಮ್ಮ ಮಾಲಿ. 2023ರಲ್ಲಿ ಹೊಸ ಗಣಿ ಕಾನೂನು ಬಂತು. ಸರ್ಕಾರ 30% ವರೆಗೆ ತಗೋಬಹುದು, ಸ್ಥಳೀಯರಿಗೆ 5%. 2024ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ್ದೇ ರೆಸೊಲ್ಯೂಟ್ ಕಂಪನಿಯ ಮುಖ್ಯಸ್ಥರು ತೆರಿಗೆ ಮಾತುಕತೆಗೆ ಅಂತ ರಾಜಧಾನಿ ಬಮಾಕೋಗೆ ಹೋದವರನ್ನು ಅಲ್ಲೇ ಹಿಡಿದಿಟ್ಟರು. 16 ಕೋಟಿ ಡಾಲರ್ ಕೊಡೋ ಒಪ್ಪಂದ ಆದಮೇಲೆ ಬಿಟ್ಟರು. 2025ರ ಜನವರಿಯಲ್ಲಿ ಸರ್ಕಾರದವರು ಕೆನಡಾದ ದೊಡ್ಡ ಕಂಪನಿ ಬ್ಯಾರಿಕ್‌ನ ಲೂಲೋ ಗಣಿಯಿಂದ ಸುಮಾರು 3 ಟನ್ ಚಿನ್ನವನ್ನು ಹೆಲಿಕಾಪ್ಟರಲ್ಲಿ ಎತ್ತಿಕೊಂಡು ಹೋದರು. ಬಸ್ಯಣ್ಣ ಹೇಳಿದ ರ‍್ಯಾಂಡ್‌ಗೋಲ್ಡ್‌ನ ಅದೇ ಲೂಲೋ, ಆಮೇಲೆ ಆ ಕಂಪನಿ ಬ್ಯಾರಿಕ್ ಜೊತೆ ಸೇರಿಹೋಗಿತ್ತು. ಬ್ಯಾರಿಕ್‌ಗೆ ಹೀಗಾದರೆ, ಪರ್ತ್‌ನಲ್ಲಿ ಎರಡು ರೂಮಿನ ಆಫೀಸಿರೋ ಕಂಪನಿ ಏನು ಮಾಡುತ್ತೆ?

ದಾರಿಹೋಕ_77 · ಸಂಜೆ 6:45

ಈ ಆಫ್ರಿಕಾ ಸರ್ಕಾರಗಳೇ ಹಂಗೆ ಬಿಡಿ, ಎಲ್ಲಾ ಕಳ್ಳರು. ನಮ್ಮ ಟೆಲಿಗ್ರಾಂ ಗ್ರೂಪಿಗೆ ಬನ್ನಿ, ಮೂರು ಮಲ್ಟಿಬ್ಯಾಗರ್ ಗಣಿ ಷೇರು ಹೇಳ್ತೀವಿ, ಫೀಸ್ ಬರೀ [ಅಳಿಸಲಾಗಿದೆ]

ನಿರ್ವಾಹಕ · ಸಂಜೆ 6:51

ಲಿಂಕ್ ತೆಗೆದಿದೆ. ಇನ್ನೊಮ್ಮೆ ಹಾಕಿದರೆ ಖಾತೆಯೂ ಹೋಗುತ್ತದೆ. ಉಳಿದವರು ಮುಂದುವರಿಸಿ.

ಕಿಟ್ವೆ ಅಕ್ಕ · ಮಂಗಳವಾರ ರಾತ್ರಿ 11:30

ಲಿಂಕ್ ಹೋಯ್ತು, ಆ ಮೊದಲನೇ ಸಾಲು ಉಳೀತು. ಅದಕ್ಕೆ ಉತ್ತರ ಕೊಟ್ಟೇ ಮಲಗ್ತೀನಿ. ನಾನು ಜಾಂಬಿಯಾದ ಕಾಪರ್‌ಬೆಲ್ಟ್‌ನಲ್ಲಿ 19 ವರ್ಷದಿಂದ ಇದ್ದೀನಿ. ನಮ್ಮೆಜಮಾನರು ಎಲೆಕ್ಟ್ರಿಕಲ್ ಎಂಜಿನಿಯರ್, ನಾನು ಶಾಲೆ ಟೀಚರ್.

ಆಫ್ರಿಕಾ ಅಂತ ಒಂದು ಸರ್ಕಾರ ಇಲ್ಲಪ್ಪ. ಐವತ್ನಾಲ್ಕು ದೇಶ. ಮಾಲಿಯಲ್ಲಿ ಸೈನಿಕರ ಆಡಳಿತ, ಇಲ್ಲಿ ಚುನಾವಣೆ ಸೋತವರು ಎದ್ದು ಮನೆಗೆ ಹೋಗ್ತಾರೆ.

ಷೇರುದಾರರ ಸಂಕಟ ಕೇಳಿದ್ದಾಯ್ತು, ಈ ಕಡೆಯದ್ದೂ ಸ್ವಲ್ಪ ಕೇಳಿ. ಇಲ್ಲಿನ ಕೊಂಕೋಲಾ ತಾಮ್ರದ ಗಣಿಯ ದೊಡ್ಡ ಪಾಲನ್ನು 2004ರಲ್ಲಿ ವೇದಾಂತ ತಗೊಂಡಿದ್ದು ಎರಡೂವರೆ ಕೋಟಿ ಡಾಲರ್‌ಗೆ. ಹತ್ತು ವರ್ಷ ಆದಮೇಲೆ, 2014ರಲ್ಲಿ, ನಮ್ಮ ಬೆಂಗಳೂರಲ್ಲೇ ಒಂದು ಸಭೆಯಲ್ಲಿ ವೇದಾಂತದ ಅನಿಲ್ ಅಗರ್ವಾಲ್ ಅವರು ಅದನ್ನ ಎಷ್ಟು ಅಗ್ಗಕ್ಕೆ ಹೊಡೆದೆ, ವರ್ಷಕ್ಕೆ ಎಷ್ಟು ಬರ್ತಿದೆ ಅಂತ ಖುಷಿಯಾಗಿ ಹೇಳಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಆ ವಿಡಿಯೋ ಇಲ್ಲಿಗೆ ಬಂತು ನೋಡಿ, ಮಾರ್ಕೆಟ್ಟಲ್ಲಿ ಟೊಮೇಟೊ ಮಾರೋಳೂ ನನ್ನ ಕೇಳಿದ್ಲು, "ನಿಮ್ಮೂರಲ್ಲೇ ಅಂತಲ್ಲ ಮೇಡಂ ಹೇಳಿದ್ದು?" ಅಂತ. ತಲೆ ಎತ್ತೋಕೆ ಆಗಲಿಲ್ಲ. 2019ರಲ್ಲಿ ಸರ್ಕಾರ ಗಣಿಗೆ ಲಿಕ್ವಿಡೇಟರ್ (ಕಂಪನಿ ಮುಚ್ಚಿ ಲೆಕ್ಕ ತೀರಿಸೋ ಅಧಿಕಾರಿ) ಹಾಕಿತು. ಹೊರಗಿನವರಿಗೆ ಅದು ದಿಢೀರ್ ಸುದ್ದಿ ಇರಬಹುದು, ಇಲ್ಲಿನ ಗಣಿ ಊರು ಚಿಂಗೋಲಾದಲ್ಲಿ ಯಾರಿಗೂ ಅಲ್ಲ. ಆಮೇಲೆ ಮಾತುಕತೆಯಾಗಿ ವೇದಾಂತಕ್ಕೇ ವಾಪಸ್ ಬಂತು, ಅದು ಬೇರೆ ಕಥೆ.

ಟಾಂಜಾನಿಯಾದಲ್ಲಿ ಅಧ್ಯಕ್ಷ ಮಗುಫುಲಿ ಕಾಲದಲ್ಲಿ ಅಕೇಷಿಯಾ ಅನ್ನೋ ಚಿನ್ನದ ಕಂಪನಿಗೆ 190 ಬಿಲಿಯನ್ ಡಾಲರ್ ತೆರಿಗೆ ಬಾಕಿ ಅಂತ ನೋಟಿಸು ಕೊಟ್ಟರು. ದೇಶದ ಒಂದು ವರ್ಷದ ಇಡೀ ಉತ್ಪಾದನೆಗಿಂತ ಎಷ್ಟೋ ಪಟ್ಟು ಜಾಸ್ತಿ, ಅದನ್ನ ಯಾರೂ ಸಮರ್ಥಿಸೋಕಾಗಲ್ಲ. ಕೊನೆಗೆ ಮುಗಿದಿದ್ದು 300 ಮಿಲಿಯನ್‌ಗೆ, ಜೊತೆಗೆ ಸರ್ಕಾರಕ್ಕೆ 16% ಪಾಲು. ಕೇಳಿದ್ದು ಹುಚ್ಚು, ಸಿಕ್ಕಿದ್ದು ನ್ಯಾಯವಾದ್ದೇ ಅಂತ ನನ್ನ ಅಭಿಪ್ರಾಯ. ಬೈಬೇಡಿ.

ಪರಮೇಶಿ, ನಿಮ್ಮ ಕಂಪನಿ ಡ್ರಿಲ್ ಮಾಡ್ತಿರೋ ಊರಲ್ಲಿ ಮೊದಲಿಂದ ಕೈಯಲ್ಲಿ ತೋಡ್ತಿದ್ದವರನ್ನ ಏನು ಮಾಡ್ತಾರಂತೆ? ಅದನ್ನ ಎಲ್ಲಾದ್ರೂ ಬರೆದಿದ್ದಾರಾ?

ಬುಲ್ ಬಸ್ಯಾ, ಹುಬ್ಬಳ್ಳಿ · ಬುಧವಾರ ಬೆಳಗ್ಗೆ 7:45

ಅಕ್ಕಾರ, ನಿಮ್ಮ ಮಾತು ಒಪ್ಪಿದೆ. ಸರ್ಕಾರದ ರಿಸ್ಕ್ ಐತಿ ಅಂತನ ಅಲ್ಲೇನು ಷೇರು 2 ಸೆಂಟಿಗೆ ಸಿಗೂದು? ರಿಸ್ಕ್ ಇಲ್ಲದಿದ್ರ 20 ಸೆಂಟ್ ಇರತಿತ್ತು.

ಲೀಡ್ಸ್ ಡಾಕ್ಟ್ರು · ಬುಧವಾರ ಮಧ್ಯಾಹ್ನ 12:05

ಬಸವರಾಜ್ ಅವರೇ, ನಾನೂ 2011ರಲ್ಲಿ ಹೀಗೇ ಅಂದುಕೊಂಡಿದ್ದೆ. ಆಗ ಇಲ್ಲಿ ಲಂಡನ್ನಿನ ಕಿರಿಯ ಪೇಟೆ, ಏಮ್ ಅಂತಾರಲ್ಲ, ಅದರ ತುಂಬ ಪಶ್ಚಿಮ ಆಫ್ರಿಕಾದ ಕಬ್ಬಿಣದ ಅದಿರಿನ ಷೇರುಗಳು. ದೊಡ್ಡ ಹೆಸರು ಆಫ್ರಿಕನ್ ಮಿನರಲ್ಸ್, ಸಿಯೆರಾ ಲಿಯೋನಿನ ಟೊಂಕೊಲಿಲಿ ಗಣಿ. ಅದು ಬರೀ ಕಾಗದದ ಕಂಪನಿ ಅಲ್ಲ, ರೈಲು ಹಾಕಿದರು, ಬಂದರು ಕಟ್ಟಿದರು, 2011ರ ಕೊನೆಗೆ ಹಡಗು ಹೊರಟಿತು, ಚೀನಾದವರು 150 ಕೋಟಿ ಡಾಲರ್ ಹಾಕಿ ಕಾಲು ಪಾಲು ತಗೊಂಡರು. ಅದಿರಿನ ಬೆಲೆ 2011ರ ಶುರುವಿನಲ್ಲಿ ಟನ್ನಿಗೆ 190 ಡಾಲರ್ ಹತ್ತಿರ. 2014ಕ್ಕೆ ಬೆಲೆ ಕುಸಿಯಿತು, ಅದೇ ವರ್ಷ ಎಬೋಲಾ. ಪಕ್ಕದ ಲಂಡನ್ ಮೈನಿಂಗ್ 2014ರ ಅಕ್ಟೋಬರಲ್ಲಿ ಬಿತ್ತು, ಇದು 2015ರ ಮಾರ್ಚ್‌ನಲ್ಲಿ. ಷೇರುದಾರರಿಗೆ ಸೊನ್ನೆ.

ನಾನು ಹಾಕಿದ್ದು ಬೇರೆ ಕಂಪನಿ, ಹೆಸರು ಬೇಡ. ವಾರ್ಡ್ ರೌಂಡ್ ನಡುವೆ ಫೋನ್ ತೆಗೆದು ರೇಟು ನೋಡ್ತಿದ್ದೆ. ನಮ್ಮ ಸಿಸ್ಟರ್ ಒಬ್ಬರು "ಡಾಕ್ಟರ್, ಯಾರಿಗಾದ್ರೂ ಸೀರಿಯಸ್ಸಾ?" ಅಂತ ಕೇಳಿದ ದಿನ ಮಾರಿದೆ. ಆಗ ಉಳಿದಿದ್ದು 8 ಪರ್ಸೆಂಟ್.

ಜಯನಗರ ಜೂನಿಯರ್ · ಬುಧವಾರ ಮಧ್ಯಾಹ್ನ 2:30

ನಾವು ಬೆಂಗಳೂರಿಂದಲೇ ಇಂಥ ಷೇರು ತಗೋಬಹುದಾ? ಕುತೂಹಲಕ್ಕೆ ಕೇಳ್ತಿದೀನಿ ಅಷ್ಟೇ.

ಸಿ.ಎ. ಮೇಡಂ · ಮಧ್ಯಾಹ್ನ 3:10

ಇಷ್ಟೆಲ್ಲ ಓದಿದ ಮೇಲೂ ಕುತೂಹಲಾನಾ! ತಗೋಬಹುದು. ಎಲ್‌ಆರ್‌ಎಸ್ ಅನ್ನೋ, ಹೊರದೇಶಕ್ಕೆ ದುಡ್ಡು ಕಳಿಸೋ ಆರ್‌ಬಿಐ ಯೋಜನೆ ಅಡಿಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ 20% ಟಿಸಿಎಸ್ ಅಂತ ತೆರಿಗೆ ಮುಂಚೆಯೇ ಹಿಡೀತಾರೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಸಾಲದ ಮೇಲೆ, ಮಾರ್ಜಿನ್ ಮೇಲೆ ಆಡೋ ಹಾಗಿಲ್ಲ. ಮುಖ್ಯವಾಗಿ ರಿಟರ್ನ್‌ನ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ ಪಟ್ಟಿ) ತುಂಬಲೇಬೇಕು, ಷೇರು ಸೊನ್ನೆಗೆ ಹತ್ತಿರ ಬಂದಿದ್ರೂ ಸರಿ. "ಮೇಡಂ, ಎಲ್ಲಾ ಹೋಗಿದೆ, ಏನು ತೋರಿಸೋದು?" ಅಂತ ಬರೋರಿಗೆಲ್ಲ ನಾನು ಇದನ್ನೇ ಹೇಳೋದು.

ಕುಡ್ಲ ಕ್ಯಾಲ್ಕುಲೇಟರ್ · ಬುಧವಾರ ರಾತ್ರಿ 9:15

ಪರಮೇಶಿಯವರೇ, ಕಲ್ಲು, ಸರ್ಕಾರ ಎಲ್ಲ ಆಯ್ತು. ಒಂದು ಕಾಗದ ಉಳಿದುಂಟು. ಆಸ್ಟ್ರೇಲಿಯಾದಲ್ಲಿ ಇಂಥ ಕಂಪನಿಗಳು ಮೂರು ತಿಂಗಳಿಗೊಮ್ಮೆ ಅಪೆಂಡಿಕ್ಸ್ 5ಬಿ ಅಂತ ನಗದು ಲೆಕ್ಕ ಕೊಡಬೇಕು. ಅದರ 8ನೇ ಕಲಂನಲ್ಲಿ ಕೈಲಿರುವ ದುಡ್ಡು ಇನ್ನೆಷ್ಟು ತ್ರೈಮಾಸಿಕಕ್ಕೆ ಸಾಕು ಅಂತ ಅವರೇ ಬರೆದಿರ್ತಾರೆ. ಮೇಲೆ ಎರಡು ಸಾಲು ನೋಡಿ: ಹುಡುಕಾಟಕ್ಕೆ ಎಷ್ಟು, ಆಫೀಸು ಸಂಬಳಕ್ಕೆ ಎಷ್ಟು. ನಾನು ಬೇರೆ ಏನೂ ಹೇಳುದಿಲ್ಲ.

ಪರ್ತ್ ಪರಮೇಶಿ · ಗುರುವಾರ ಬೆಳಗಿನ ಜಾವ 4:50

ಸೈಟಿಗೆ ಹೊರಡೋ ಮುಂಚೆ ನೋಡ್ದೆ. ಕಳೆದ ಮೂರು ತಿಂಗಳು: ಹುಡುಕಾಟ ಮತ್ತೆ ಡ್ರಿಲ್ಲಿಂಗ್ 4.1 ಲಕ್ಷ ಡಾಲರ್. ಸಂಬಳ, ಆಡಳಿತ, ಪ್ರಚಾರ 6.9 ಲಕ್ಷ. ದುಡ್ಡು 1.2 ತ್ರೈಮಾಸಿಕಕ್ಕೆ ಸಾಕು.

ಅಂದ್ರೆ ನಾನು ಕಟ್ಟೋ ಪ್ರತಿ ಡಾಲರಲ್ಲಿ 60 ಸೆಂಟ್‌ಗೂ ಜಾಸ್ತಿ ಪರ್ತ್ ಬಿಟ್ಟು ಕದಲೋದೇ ಇಲ್ಲ. ಮಾಲಿವರೆಗೆ ಹೋಗಿ ಕಳ್ಕೊಂಡೆ ಅನ್ನೋ ಸಮಾಧಾನವೂ ಇಲ್ಲ.

ಕಿಟ್ವೆ ಅಕ್ಕ, ನೀವು ಕೇಳಿದ್ದಕ್ಕೆ 140 ಪುಟದಲ್ಲಿ ಒಂದೇ ಸಾಲು ಸಿಕ್ತು: "ಸ್ಥಳೀಯ ಸಮುದಾಯದೊಂದಿಗೆ ಉತ್ತಮ ಬಾಂಧವ್ಯವಿದೆ".

ಕಿಟ್ವೆ ಅಕ್ಕ · ಬೆಳಗ್ಗೆ 8:00

ಆ ಸಾಲು ನನಗೆ ಬಾಯಿಪಾಠ.

ಪರ್ತ್ ಪರಮೇಶಿ · ಶುಕ್ರವಾರ ರಾತ್ರಿ 8:30

ಕಟ್ಟಲಿಲ್ಲ. ನಿನ್ನೆ ರಾತ್ರಿ ಕ್ಯಾಂಪಿಂದ ಮನೆಗೆ ಫೋನ್ ಮಾಡಿ ಎಲ್ಲಾ ಹೇಳಿದೆ, 30,000 ಸಮೇತ. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅವಳು ಹೇಳಿದ್ದು ಅವರಪ್ಪನ ಬೋರ್‌ವೆಲ್ ವಿಷಯ. ನುಗ್ಗೇಹಳ್ಳಿ ಹತ್ರ ತೋಟ, ನಮ್ಮ ಮಾವ ಐದು ಬೋರ್ ಹಾಕಿಸಿ ಐದೂ ಫೇಲು, ಆರನೇದು 900 ಅಡಿಗೆ ಎರಡಿಂಚು ನೀರು. ನಾನು ಸ್ವಲ್ಪ ಧೈರ್ಯ ತಗೊಂಡು "ನೋಡು, ಆರನೇದು ಬಂತಲ್ಲ" ಅಂದೆ.

"ಬಂತು. ಆದ್ರೆ ಜಮೀನು ನಮ್ದಾಗಿತ್ತು, ಗಾಡಿಯವನು ಅಡಿ ಲೆಕ್ಕದಲ್ಲಿ ದುಡ್ಡು ತಗೋತಿದ್ದ" ಅಂದ್ಲು.

ಮಾರಿಕುಪ್ಪದವನು · ರಾತ್ರಿ 8:44

ಆ ಯಮ್ಮನ್ನ ಇಲ್ಲಿಗೆ ಸೇರಿಸಪ್ಪ. ನಾವು ಮೂರು ದಿನ ಬಡ್ಕೊಂಡಿದ್ದನ್ನ ಒಂದು ಸಾಲಲ್ಲಿ ಹೇಳಿದಾಳೆ.

ಬುಲ್ ಬಸ್ಯಾ, ಹುಬ್ಬಳ್ಳಿ · ರಾತ್ರಿ 9:20

ವೈನಿಯವರ ಮಾತಿಗೆ ಎದುರಾಡಂಗಿಲ್ಲ. ಆದ್ರ ಇರೂ 5 ಲಕ್ಷ ಮಾರಬ್ಯಾಡ್ರಿ, ಅಷ್ಟ ಕೇಳ್ಕೋತೀನಿ.

ಪರ್ತ್ ಪರಮೇಶಿ · ಮುಂದಿನ ಬುಧವಾರ ಸಂಜೆ 7:15

ಕೇಳಿದವರಿಗೆ: ರೈಟ್ಸ್‌ಗೆ ಬಂದ ಅರ್ಜಿ ಶೇಕಡಾ 38. ಉಳಿದಿದ್ದು ಅಂಡರ್‌ರೈಟರ್ (ಮಿಕ್ಕಿದ್ದು ತಗೋತೀನಿ ಅಂತ ಮೊದಲೇ ಒಪ್ಪಿದ್ದವನು) ತಗೊಂಡಿದ್ದಾನೆ. ರೇಟು 1.6ಕ್ಕೆ ಬಂತು, ಕುಡ್ಲದವರು ಹೇಳಿದ ಹಾಗೇ. ಎರಡೂವರೆ ಲಕ್ಷ ಮಾರಿದೆ. 4,000 ಡಾಲರ್ ಬಂತು, ಅದು ಅವಳ ಅಕೌಂಟಿಗೆ ಹೋಯ್ತು.

ಉಳಿದ ಎರಡೂವರೆ ಲಕ್ಷ ಇಟ್ಕೊಂಡಿದೀನಿ. ಅದು ಅವಳಿಗೂ ಗೊತ್ತು. ಮುಂದಿನ ತಿಂಗಳು 12 ತೂತಿನ ರಿಸಲ್ಟ್ ಬರುತ್ತಂತೆ.

ಹಟ್ಟಿ ಹುಡುಗ · ರಾತ್ರಿ 8:02

ಬಂದ ದಿನಾನ ಇಲ್ಲಿ ಹಾಕ್ರಿ ಅಣ್ಣಾ. ಹನ್ನೆರಡೂ.